ಹೈ ಡೆಫಿನಿಷನ್ ಅತ್ತೆ

ಪೆಟ್ಟಿಗೆಯ ಟೇಪು ಕಿತ್ತುಹಾಕುವ ಮೊದಲೇ ಅನೌನ್ಸರ್ ಘೋಷಿಸಿಬಿಟ್ಟರು. "ಇವತ್ತಿನಿಂದ ಈ ಮನೆಯಲ್ಲಿ ನಡೆಯೋ ಯಾವ ಸಂಗತಿಯೂ ನನ್ನ ಕಣ್ಣು ತಪ್ಪಿಸಿ ಹೋಗೋಕಾಗಲ್ಲ."

ಹೆಂಡತಿ ಮಡಿಸುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. "ಮೊದಲು ಬೆಳಗ್ಗೆಯಿಂದ ಹುಡುಕ್ತಿರೋ ಕನ್ನಡಕ ತಗೊಳ್ಳಿ. ನಿಮ್ಮ ಹಣೆ ಮೇಲಿದೆ."

ಇಂಥ ಸಣ್ಣಪುಟ್ಟ ಮಾತಿಗೆಲ್ಲ ಕುಗ್ಗುವ ಜೀವ ಅದಲ್ಲ. ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡು, ಪೆಟ್ಟಿಗೆಯೊಳಗಿಂದ ಹೈ ಡೆಫಿನಿಷನ್ ಕ್ಯಾಮ್‌ಕಾರ್ಡರನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡರು. ಅಂಗೈಯಗಲದ ಕರೀ ಯಂತ್ರ, ಪಕ್ಕದಲ್ಲಿ ಕೈ ತೂರಿಸಲು ಒಂದು ಪಟ್ಟಿ, ಬಾಗಿಲಿನ ಹಾಗೆ ತೆರೆದುಕೊಳ್ಳುವ ಪುಟ್ಟ ಪರದೆ. ಕಾಲೇಜಿಗೆ ಹೋಗುವ ಮಗಳು ಬಗ್ಗಿ ನೋಡಿ, "ಫೋನಲ್ಲೇ ತೆಗೀಬಹುದಿತ್ತಲ್ಲಪ್ಪ" ಎಂದಳು. ಅಪ್ಪ ಅವಳನ್ನು ಕನಿಕರದಿಂದ ನೋಡಿದರು.

ಅನೌನ್ಸರ್ ಎಂದರೆ ಅವರೇನು ರೇಡಿಯೋದವರಲ್ಲ, ಬಸ್ ನಿಲ್ದಾಣದವರು. ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಗುಂಡಿ ಒತ್ತಿ, ಗಂಟಲು ಸರಿಮಾಡಿಕೊಂಡು "ಪ್ರಯಾಣಿಕರ ಗಮನಕ್ಕೆ" ಎಂದರೆ ಸಾಕು, ಅರ್ಧ ಕುಡಿದ ಚಹಾ ಬಿಟ್ಟು ಜನ ಓಡುತ್ತಾರೆ, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡುತ್ತಾರೆ, ತಮ್ಮದಲ್ಲದ ಬಸ್ಸಿಗೂ ಒಂದು ಸುತ್ತು ಓಡಿ ಬರುತ್ತಾರೆ. ಅಷ್ಟು ತೂಕ ಆ ದನಿಗೆ. ಅಂಥ ದನಿ ಮನೆಯೊಳಗೆ ಬಂದರೆ ಒಬ್ಬರ ಮುಂದೆ ಮಾತ್ರ ಮೂರು ಕಾಸಿಗೂ ಬಾಳುತ್ತಿರಲಿಲ್ಲ. ಆ ಒಬ್ಬರು ಅವರ ಅತ್ತೆ, ಹೆಂಡತಿಯ ತಾಯಿ.

ಅತ್ತೆ ಬಟ್ಟೆ ಮಿಲ್ಲಿನಲ್ಲಿ ಮಗ್ಗ ನಡೆಸಿ ನಿವೃತ್ತರಾದವರು. ಬೆನ್ನು ನೆಟ್ಟಗೆ, ನೋಟ ಅದಕ್ಕಿಂತ ನೆಟ್ಟಗೆ. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಮಗಳೊಂದಿಗೆ ಮಾತು, ಮೊಮ್ಮಗಳೊಂದಿಗೆ ನಗು, ಎಲ್ಲ ಸರಿಯಾಗೇ ಇತ್ತು. ಅಳಿಯ ಬಾಯಿ ತೆರೆದರೆ ಮಾತ್ರ ಅತ್ತೆ ಅವರ ಮುಖವನ್ನೊಮ್ಮೆ ದಿಟ್ಟಿಸಿ, ಗಂಭೀರವಾಗಿ ಒಂದು ಸಣ್ಣ ನಗೆ ನಕ್ಕು, ಮತ್ತೆ ಹೆಣಿಗೆಯ ಕಡ್ಡಿಗಳತ್ತ ತಿರುಗುತ್ತಿದ್ದರು. "ನಿದ್ದೆ ಬಂತಾ ಅತ್ತೆ?" ನಗೆ. "ಇವತ್ತು ಸೆಖೆ ಜಾಸ್ತಿ ಅಲ್ವಾ ಅತ್ತೆ?" ಅದೇ ನಗೆ. "ನಾಳೆ ಡಾಕ್ಟರ ಹತ್ತಿರ ಹೋಗೋಣವಾ?" ನಗೆಯೂ ಇಲ್ಲ, ಹೆಣಿಗೆ ಮಾತ್ರ.

ಮೊದಮೊದಲು ಅನೌನ್ಸರ್ ಇದನ್ನು ಹಗುರವಾಗಿ ತೆಗೆದುಕೊಂಡರು. ಆಮೇಲೆ ಮನಸ್ಸಿಗೆ ನಾಟತೊಡಗಿತು. ಮೈಕಿನಲ್ಲಿ ಕೂಗುವುದೂ ಒಂದು ಉದ್ಯೋಗವೇ ಎಂದು ಅತ್ತೆ ತಮ್ಮನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದು ಅವರು ತೀರ್ಮಾನಿಸಿದರು. ತನ್ನದೇ ಮನೆಯಲ್ಲಿ ಗೋಡೆಗೆ ಮಾತಾಡಿದ ಹಾಗೆ ಮಾತಾಡುವ ಸಂಕಟ ಬಲ್ಲವರಿಗೇ ಗೊತ್ತು. ಅವರಿಗೆ ನಿಜಕ್ಕೂ ನೋವಾಗಿತ್ತು, ಆ ನೋವಿಗೆ ಸಿಟ್ಟಿನ ಅಂಗಿ ತೊಡಿಸಿಕೊಂಡು ಓಡಾಡುತ್ತಿದ್ದರು. ಕೊನೆಗೆ ಹೆಂಡತಿಗೆ ಹೇಳದೆ ಒಂದು ನಿರ್ಧಾರಕ್ಕೂ ಬಂದಿದ್ದರು. ಅತ್ತೆಯ ಹುಟ್ಟುಹಬ್ಬಕ್ಕೆ ಭಾವಮೈದುನ ಬರುತ್ತಾನಲ್ಲ, ಆಗ ಅವನ ಕಿವಿಗೆ ಹಾಕಿ, ಅತ್ತೆಯನ್ನು ಅವನ ಮನೆಗೆ ಸಾಗಹಾಕುವುದು. ಹುಟ್ಟುಹಬ್ಬವನ್ನು ಹೈ ಡೆಫಿನಿಷನ್ನಿನಲ್ಲಿ ತೆಗೆದು ಕೊಟ್ಟರೆ, ಕಳಿಸಿದ್ದಕ್ಕೆ ಯಾರೂ ತಮ್ಮತ್ತ ಬೆರಳು ತೋರಿಸುವ ಹಾಗಿಲ್ಲ.

ಕ್ಯಾಮೆರಾ ಅಂಗಡಿಯವನು ಯಂತ್ರದ ಗುಣಗಳನ್ನು ಬಾಯಿ ತುಂಬ ಹೊಗಳಿದ್ದ. "ಹತ್ತಿರದ್ದೂ ಸ್ಪಷ್ಟ ಸಾರ್, ದೂರದ್ದೂ ಸ್ಪಷ್ಟ. ಎದುರಿಗೆ ಮಗು ನಗ್ತಿರತ್ತೆ, ಹಿಂದಿನ ಗೋಡೆ ಮೇಲೆ ಇರುವೆ ನಡೀತಿರತ್ತೆ, ಎರಡೂ ಕಾಣತ್ತೆ."

"ದೋಷ ಏನೂ ಇಲ್ವಾ?"

"ಸ್ವಲ್ಪ ಬಿಸಿಯಾಗತ್ತೆ, ಅಷ್ಟೇ."

ಮೈಕು ಎಲ್ಲಿದೆ, ಎಂಥದ್ದಿದೆ ಎಂದು ಇವರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಜೀವಮಾನವಿಡೀ ಮೈಕಿನ ಜೊತೆ ಸಂಸಾರ ಮಾಡಿದ ಮನುಷ್ಯ! ಲೆನ್ಸಿನ ಕೆಳಗೆ ಸಾಸಿವೆ ಗಾತ್ರದ ತೂತುಗಳಿದ್ದವು. ಅವು ಅಲಂಕಾರಕ್ಕೆ ಎಂದುಕೊಂಡರು.

ಯಂತ್ರದ ಒಳ್ಳೆಯ ಗುಣವೇ ಮೊದಲು ತೊಂದರೆ ಕೊಟ್ಟಿತು. ಪರೀಕ್ಷೆಗೆಂದು ನಡುಮನೆಯನ್ನು ಚಿತ್ರೀಕರಿಸಿ ದೊಡ್ಡ ಟೀವಿಯಲ್ಲಿ ಹಾಕಿದರೆ, ಮೂಲೆಯ ಜೇಡರ ಬಲೆ, ಸೋಫಾದ ಮೇಲಿನ ಹಳೇ ಕಲೆ, ಕಿಟಕಿ ಸರಳಿನ ಧೂಳು, ಎಲ್ಲ ಕಾಲಿಂಗ್ ಬೆಲ್ ಒತ್ತಿ ಬಂದ ನೆಂಟರ ಹಾಗೆ ಎದುರಿಗೆ ಬಂದು ನಿಂತವು. ಹೆಂಡತಿ ತಕ್ಷಣ ಸೊಂಟಕ್ಕೆ ಸೆರಗು ಕಟ್ಟಿ ಪೊರಕೆ ಹಿಡಿದಳು. ಗಂಡನ ಕೈಗೆ ಏಣಿ ಕೊಟ್ಟಳು. ಎರಡನೆಯ ಪರೀಕ್ಷೆಯಲ್ಲಿ ಅವಳ ಮುಖವೇ ಪರದೆ ತುಂಬ ಬಂತು.

"ಇದು ನನ್ನ ಕೆನ್ನೆನಾ, ಡಾಂಬರು ಕಿತ್ತ ರಸ್ತೆನಾ?"

"ಸ್ಪಷ್ಟತೆ ನೋಡು, ಸ್ಪಷ್ಟತೆ."

"ಮದುವೆಯಾಗಿ ಇಷ್ಟು ವರ್ಷ ನೀವು ನನ್ನನ್ನ ಇಷ್ಟು ಹತ್ತಿರದಿಂದ ನೋಡಿಲ್ಲ. ಈಗಲೂ ನೋಡಬೇಡಿ." ಅಂದಿನಿಂದ ಹೆಂಡತಿಯನ್ನು ಬಾಗಿಲಾಚೆಯಿಂದ ಮಾತ್ರ ಚಿತ್ರೀಕರಿಸಬಹುದು ಎಂದು ಕಾನೂನಾಯಿತು. ಮೊಡವೆಯ ವಯಸ್ಸಿನ ಮಗಳು ಅಷ್ಟಕ್ಕೂ ಒಪ್ಪಲಿಲ್ಲ.

ಹುಟ್ಟುಹಬ್ಬದ ದಿನ ಬಂತು. ಭಾವಮೈದುನ ಬಂದ. ಡ್ರೈವಿಂಗ್ ಕಲಿಸುವ ಮೇಷ್ಟ್ರು ಅವನು. ಕಲಿಯುವವರ ಪಕ್ಕದಲ್ಲಿ ಕೂತು ಕೂತು, ಗಾಬರಿಯಾದಾಗಲೆಲ್ಲ ಎಲ್ಲಿದ್ದರೂ ಅವನ ಕಾಲು ನೆಲದಲ್ಲಿ ಬ್ರೇಕ್ ಹುಡುಕುತ್ತಿತ್ತು. ಅತ್ತೆಯ ಮಿಲ್ಲಿನ ಕಾಲದ ಗೆಳತಿಯೂ ಬಂದರು. ಅವರು ಕೋಣೆಯ ಆ ಕೊನೆ, ಅತ್ತೆ ಈ ಕೊನೆ. ಇಷ್ಟು ವರ್ಷದ ಸ್ನೇಹಿತೆಯರು ಎದ್ದು ಹತ್ತಿರ ಹೋಗಿ ಕೂರಲೂ ಇಲ್ಲ, ಒಂದು ಮಾತೂ ಕೇಳಿಸಲಿಲ್ಲ. ಗೆಳತಿಯ ಜೊತೆಗೂ ಅದೇ ಗತ್ತು ಎಂದುಕೊಂಡರು ಅನೌನ್ಸರ್. ತಾವು ಒಬ್ಬರೇ ಅಲ್ಲ ಎಂದು ಸ್ವಲ್ಪ ಸಮಾಧಾನವೂ ಆಯಿತು.

ತಾವೂ ಚಿತ್ರದಲ್ಲಿ ಬರಬೇಕಲ್ಲ! ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಅತ್ತೆಯ ಕುರ್ಚಿ ನಡುವೆ ಬರುವ ಹಾಗೆ ತಿರುಗಿಸಿದರು. ಅತ್ತೆಯ ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು, ಕಂಡರೆ ಕಾಣಲಿ ಎಂದುಕೊಂಡರು. ಆಗ ಅಂಗಡಿಯವನ ಎಚ್ಚರಿಕೆ ನೆನಪಾಯಿತು. ಯಂತ್ರ ಬಿಸಿಯಾಗಬಾರದು. ಮಲಗುವ ಕೋಣೆಯಿಂದ ಟೇಬಲ್ ಫ್ಯಾನ್ ತಂದು, ಕ್ಯಾಮೆರಾದ ಮೂತಿಗೆ ನೇರವಾಗಿ ಗಾಳಿ ಬೀಸುವಂತೆ, ಚಿತ್ರಕ್ಕೆ ಅಡ್ಡ ಬಾರದ ಹಾಗೆ ಎದುರಿಗೆ ಕೆಳಗಿಟ್ಟು, ಪೂರ್ತಿ ಜೋರಿಗೆ ತಿರುಗಿಸಿದರು. ಇಷ್ಟು ದೂರಾಲೋಚನೆ ಬೇರೆ ಯಾರಿಗೆ ಬಂದೀತು?

ಒಬ್ಬೊಬ್ಬರಾಗಿ ಅತ್ತೆಯ ಬಗ್ಗೆ ಮಾತಾಡಿದರು. ಮಗಳು ಅಜ್ಜಿಗೆ ಪದ್ಯ ಬರೆದು ಓದಿದಳು. ಹೆಂಡತಿ ಎರಡು ಮಾತಾಡಿ ಕಣ್ಣೊರೆಸಿಕೊಂಡಳು. ಅನೌನ್ಸರ್ ಬಸ್ ನಿಲ್ದಾಣದ ಪೂರ್ಣ ಗಾಂಭೀರ್ಯದಲ್ಲಿ ದೀರ್ಘ ಭಾಷಣ ಮಾಡಿದರು, ಅತ್ತೆ ಎಂದಿನಂತೆ ನಕ್ಕರು. ಅಲ್ಲಿಗೆ ಅವರ ತಾಳ್ಮೆ ಮುಗಿಯಿತು. ಎಲ್ಲರೂ ಕೇಕು ತಿನ್ನುವ ಹೊತ್ತಿಗೆ ಭಾವಮೈದುನನ ತೋಳು ಹಿಡಿದು ಅಡುಗೆಮನೆಯ ಬಾಗಿಲಿಗೆ ಎಳೆದುಕೊಂಡು ಹೋದರು.

"ನಿಮ್ಮಮ್ಮನ್ನ ನಿನ್ನ ಮನೆಗೆ ಕರ್ಕೊಂಡು ಹೋಗಯ್ಯ."

"ಯಾಕೆ ಭಾವ, ಏನಾಯ್ತು?"

"ಏನೂ ಆಗಿಲ್ಲ, ಅದೇ ತೊಂದರೆ. ಒಂದು ಮಾತಿಗೂ ಉತ್ತರ ಇಲ್ಲ. ಕಲ್ಲಿಗೆ ಹೇಳಿದ್ರೆ ಕಲ್ಲಾದ್ರೂ ಕರಗತ್ತೆ. ನನ್ನ ಕೈಲಿ ಇನ್ನಾಗಲ್ಲ."

"ಅಕ್ಕನಿಗೆ ಹೇಳಿದ್ದೀರಾ?"

"ನೀನು ಒಪ್ಪಿದ ಮೇಲೆ ಹೇಳ್ತೀನಿ."

ಭಾವಮೈದುನ ಅರ್ಧ ಮನಸ್ಸಿನಿಂದ ತಲೆಯಾಡಿಸಿದ. ಅವನ ಕಾಲು ಹೊಸ್ತಿಲನ್ನು ಒತ್ತುತ್ತಿತ್ತು.

ಗೆಳತಿಯನ್ನು ಬಸ್ ಹತ್ತಿಸಿ ಬಂದ ಮೇಲೆ, ಸಂಜೆ ಎಲ್ಲರೂ ಟೀವಿ ಮುಂದೆ ಕೂತರು. ಮಗಳು ಕ್ಯಾಮೆರಾದಲ್ಲಿದ್ದುದನ್ನು ಲ್ಯಾಪ್‌ಟಾಪಿಗೆ ಹಾಕಿ, ವೈರು ಚುಚ್ಚಿ, ಟೀವಿಗೆ ಬರುವಂತೆ ಮಾಡಿದಳು. ಚಿತ್ರ ಮೂಡಿತು. ಏನು ಬಣ್ಣ, ಏನು ಬೆಳಕು! ಅತ್ತೆಯ ಸೀರೆಯ ನೂಲಿನ ಎಳೆಗಳು ಬೇರೆಬೇರೆಯಾಗಿ ಕಾಣುತ್ತಿದ್ದವು. ಅನೌನ್ಸರ್ ಉಬ್ಬಿಹೋದರು. ಆಮೇಲೆ ಶಬ್ದ ಬಂತು.

ಘೊರ್ರೋ ಎನ್ನುವ ಶಬ್ದ. ಮೊದಲಿಂದ ಕೊನೆಯವರೆಗೆ ಅದೊಂದೇ.

"ಇದೇನ್ರೀ ಚಂಡಮಾರುತ?" ಎಂದಳು ಹೆಂಡತಿ.

"ಅಪ್ಪ, ಫ್ಯಾನು," ಎಂದಳು ಮಗಳು. "ನೇರ ಮೈಕಿಗೇ ಗಾಳಿ ಹೊಡೆದಿದೆ."

"ಹಾಗಾದ್ರೆ ನಾನು ಅಮ್ಮನ ಬಗ್ಗೆ ಹೇಳಿದ್ದು?" ಹೆಂಡತಿಯ ದನಿ ಸಣ್ಣದಾಯಿತು. ಅವಳು ಅಷ್ಟು ಮಾತನ್ನು ತಾಯಿಯ ಮುಂದೆ ಆಡಿದ್ದು ಅದೇ ಮೊದಲು. ಮತ್ತೆ ಆಡು ಎಂದರೆ ಆಗುವಂಥದ್ದಲ್ಲ.

ಗಂಟಲನ್ನೇ ನಂಬಿ ಬದುಕಿದ ಮನುಷ್ಯ ಹುಟ್ಟುಹಬ್ಬವನ್ನೆಲ್ಲ ಮೂಕಿ ಸಿನಿಮಾ ಮಾಡಿ ಕೂತಿದ್ದರು. ಮಗಳು ಟೀವಿಯ ಸದ್ದು ಪೂರ್ತಿ ಬಂದ್ ಮಾಡಿದಳು. ಎಲ್ಲರೂ ಮುಖ ಇಳಿಬಿಟ್ಟುಕೊಂಡು ಬರೀ ಚಿತ್ರ ನೋಡುತ್ತಿರುವಾಗ, ಯಾರೋ ಕಿಸಕ್ಕೆಂದು ನಕ್ಕರು. ನಕ್ಕವರು ಅತ್ತೆ.

"ಯಾಕಜ್ಜಿ?" ಮಗಳು ಅವರತ್ತ ತಿರುಗಿ ಕೇಳಿದಳು.

"ಅಲ್ಲ, ನನ್ನ ಗೆಳತಿ ನೋಡು, 'ನಿನ್ನ ಅಳಿಯ ಕ್ಯಾಮೆರಾಗೆ ಯಾಕೆ ಗಾಳಿ ಹಾಕ್ತಿದಾರೆ, ಅದಕ್ಕೇನು ಜ್ವರ ಬಂದಿದ್ಯಾ' ಅಂತಾಳೆ."

ಎಲ್ಲರೂ ಟೀವಿ ನೋಡಿದರು. ಕೋಣೆಯ ಆ ಕೊನೆಯಲ್ಲಿ ಗೆಳತಿಯ ತುಟಿ ಮಾತ್ರ ಆಡುತ್ತಿತ್ತು. "ಅಜ್ಜಿ, ನಿಂಗೆ ಹೇಗೆ ಗೊತ್ತಾಯ್ತು? ಸದ್ದೇ ಇಲ್ವಲ್ಲ."

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಮಿಲ್ಲಿನಲ್ಲಿ ಸಾಲು ಸಾಲು ಮಗ್ಗ ಒಟ್ಟಿಗೇ ಹೊಡ್ಕೊಳ್ಳುವಾಗ ಪಕ್ಕದವಳು ಕಿರುಚಿದ್ರೂ ಕೇಳಲ್ಲಮ್ಮ. ನಮ್ಮ ಕಷ್ಟಸುಖ, ಜಗಳ, ಮದುವೆ ಮಾತುಕತೆ ಎಲ್ಲ ತುಟಿ ನೋಡ್ಕೊಂಡೇ ಆಗ್ತಿತ್ತು. ಇಷ್ಟು ಸ್ವಚ್ಛವಾಗಿ ಕಾಣುವಾಗ ಓದೋಕೇನು ಕಷ್ಟ?"

ಮನೆಗೆ ಜೀವ ಬಂತು. ಮಗಳು ಮೊದಲಿನಿಂದ ಹಾಕಿದಳು, ಅತ್ತೆ ಓದುತ್ತಾ ಹೋದರು. ಮೊಮ್ಮಗಳ ಪದ್ಯ ಸಾಲು ಸಾಲಾಗಿ ಬಂತು. ತಮ್ಮ ಮಗಳು ಹೇಳಿದ್ದನ್ನು ಓದುವಾಗ ಅತ್ತೆಯ ದನಿ ನಡುಗಿತು, ಆದರೂ ಒಂದು ಶಬ್ದ ಬಿಡಲಿಲ್ಲ. ಹೆಂಡತಿ ಎದ್ದು ತಾಯಿಯ ಕಾಲ ಬಳಿ ಕೂತಳು. ಅನೌನ್ಸರ ಭಾಷಣದ ಭಾಗ ಬಂದಾಗ ಮಾತ್ರ ಅತ್ತೆ "ಇದು ಉದ್ದ ಇದೆ, ಮುಂದೆ ಹಾಕಮ್ಮ" ಎಂದರು. ಅನೌನ್ಸರಿಗೆ ಅಷ್ಟೇನೂ ಬೇಜಾರಾಗಲಿಲ್ಲ. ತಮ್ಮ ಮಾನ ಉಳಿಯಿತಲ್ಲ ಎಂಬ ಖುಷಿಯಲ್ಲಿ, ಫ್ಯಾನಿಟ್ಟಿದ್ದೂ ಒಳ್ಳೆಯದೇ ಆಯಿತು ಎನ್ನಲು ಬಾಯಿ ತೆರೆದರು.

ತೆರೆದ ಬಾಯಿ ಹಾಗೇ ನಿಂತಿತು. ಪರದೆಯ ಮೇಲೆ ಎಲ್ಲರೂ ಕೇಕು ತಿನ್ನುತ್ತಿದ್ದರು. ಅತ್ತೆಯ ಭುಜದ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಇಬ್ಬರು ಗಂಡಸರು ಬಂದು ನಿಂತರು. ದೂರದ್ದೂ ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಭಾವಮೈದುನನ ಕಾಲು ನೆಲಕ್ಕೆ ಬ್ರೇಕ್ ಒತ್ತಿದ್ದು ಅನೌನ್ಸರಿಗೆ ಗೊತ್ತಾಯಿತು.

"ಅಪ್ಪ, ನೀನೂ ಮಾವನೂ ಅಲ್ಲೇನು ಗುಸುಗುಸು ಮಾಡ್ತಿದ್ರಿ?" ಮಗಳು ಕೇಳಿದಳು. "ತಡಿ, ದೊಡ್ಡದು ಮಾಡ್ತೀನಿ."

ಅನೌನ್ಸರ್ ಎದ್ದು ಟೀವಿಗೆ ಅಡ್ಡ ನಿಂತರು. "ಸಾಕು, ಸಾಕು. ಟೀವಿ ಬಿಸಿಯಾಗಿದೆ."

"ಪಕ್ಕಕ್ಕೆ ಸರೀರಿ," ಎಂದಳು ಹೆಂಡತಿ. ಆ ದನಿಗೆ ಅವರು ಯಾವತ್ತೂ ಎದುರಾಡಿದವರಲ್ಲ. ಸರಿದರು.

ಭಾವಮೈದುನ ಕ್ಯಾಮೆರಾಗೆ ಬೆನ್ನು ಹಾಕಿದ್ದರಿಂದ ಅವನ ಕತ್ತಿನ ಹಿಂಭಾಗವಷ್ಟೇ ಕಾಣುತ್ತಿತ್ತು. ಉಳಿದ ಪರದೆ ತುಂಬ ಅನೌನ್ಸರ ಮುಖ. ತುಟಿಯ ಮೇಲೆ ಚಪ್ಪರದಂತೆ ಇಳಿಬಿದ್ದ ದಪ್ಪ ಮೀಸೆ, ಬಣ್ಣ ಹಚ್ಚಿದ ಕೂದಲಿನ ಬುಡದಲ್ಲಿ ಬೆಳ್ಳಗೆ ಇಣುಕುವ ನಿಜ, ಎಲ್ಲ ಎದ್ದು ಕಾಣುತ್ತಿತ್ತು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಮುಂದಕ್ಕೆ ಬಾಗಿದರು. ಅನೌನ್ಸರ ಬೆನ್ನಲ್ಲಿ ಬೆವರಿಳಿಯಿತು. ಹೆಂಡತಿಯ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ಇನ್ನು ಅರ್ಧ ನಿಮಿಷದಲ್ಲಿ ಈ ಮನೆಯಲ್ಲಿ ತಮ್ಮ ಬಾಳುವೆ ಹೇಗಿರುತ್ತದೆ ಎಂದು ಅವರು ಆಗಲೇ ಊಹಿಸಿಕೊಂಡಿದ್ದರು.

"ಏನಂತಾರಮ್ಮ?" ಹೆಂಡತಿ ತಾಯಿಯ ಮೊಣಕಾಲು ತಟ್ಟಿ ಕೇಳಿದಳು.

"'ನಿಮ್ಮಮ್ಮನ್ನ ಕರ್ಕೊಂಡು ಹೋಗೋ ಮಾತು ಆಡಬೇಡ ಕಣಯ್ಯ,' ಅಂತಾರೆ ಅಳಿಯಂದಿರು. 'ಅವರು ಬಂದ ಮೇಲೆ ಮನೆ ತುಂಬಿದ ಹಾಗಿದೆ. ಇಲ್ಲೇ ಇರಲಿ,' ಅಂತಾರೆ."

ಹೆಂಡತಿ ತಿರುಗಿ ಗಂಡನನ್ನು ನೋಡಿದಳು. ಅಂಥ ನೋಟವನ್ನು ಅವರು ಕಂಡು ಬಹಳ ಕಾಲವಾಗಿತ್ತು. ಭಾವಮೈದುನನಿಗೆ ಕೆಮ್ಮು ಹತ್ತಿ ನೀರು ಕುಡಿಯಲು ಎದ್ದು ಹೋದ. ಅನೌನ್ಸರ್ ತಮ್ಮ ಜಾಗಕ್ಕೆ ವಾಪಸು ಬಂದು ಕೂತರು. ಬೈಸಿಕೊಳ್ಳಲು ತಯಾರಾಗಿದ್ದವರಿಗೆ ಹೊಗಳಿಕೆ ಸಿಕ್ಕರೆ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ.

ಎಲ್ಲರೂ ಊಟಕ್ಕೆ ಅಣಿಮಾಡಲು ಒಳಗೆ ಹೋದರು. ಅತ್ತೆ ಅಲ್ಲೇ ಕೂತು ಹೆಣಿಗೆ ಎತ್ತಿಕೊಂಡಿದ್ದರು. ಅನೌನ್ಸರ್ ಅವರ ಕುರ್ಚಿಯ ಹಿಂದೆ ಬಂದು ನಿಂತು, "ಅತ್ತೆ," ಎಂದರು. ಅವರು ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಕೊನೆಗೆ ಇಡೀ ಬಸ್ ನಿಲ್ದಾಣ ಎದ್ದು ನಿಲ್ಲುವ ದನಿಯಲ್ಲಿ ಕರೆದರು. ಅಡುಗೆಮನೆಯಿಂದ ಹೆಂಡತಿ "ಏನ್ರೀ ಅದು ಗಲಾಟೆ?" ಎಂದಳು. ಒಂದು ಮಾರು ದೂರದಲ್ಲಿದ್ದ ಅತ್ತೆ ಮಾತ್ರ ಕಡ್ಡಿಗೆ ನೂಲು ಸುತ್ತುತ್ತಲೇ ಇದ್ದರು.

ಆಗ ಅನೌನ್ಸರಿಗೆ ಅರ್ಥವಾಯಿತು. ಇಷ್ಟು ದಿನದ ನಗೆಗಳೆಲ್ಲ ಒಂದೊಂದಾಗಿ ನೆನಪಾದವು. ಸುತ್ತಿ ಬಂದು ಅತ್ತೆಯ ಎದುರಿಗೆ ಕೂತರು. ತಮ್ಮ ಕಿವಿ ಮುಟ್ಟಿ ತೋರಿಸಿ, ಕೈ ಅಲ್ಲಾಡಿಸಿ, ಕೇಳಿಸಲ್ವಾ ಎಂಬಂತೆ ಸನ್ನೆ ಮಾಡಿದರು.

ಅತ್ತೆ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮಗ್ಗ ತಿಂದುಹಾಕಿತು. ಮಿಲ್ಲಲ್ಲಿ ಗೊತ್ತಾದ್ರೆ ಮನೆಗೆ ಕಳಿಸ್ತಿದ್ರು, ಅದಕ್ಕೇ ಮುಚ್ಚಿಡೋದು ಅಭ್ಯಾಸ ಆಯ್ತು. ಕಿವುಡಿ ಅಂತ ಗೊತ್ತಾದ್ರೆ ಜನ ನಮ್ಮ ಜೊತೆ ಮಾತಾಡೋದು ಬಿಟ್ಟು ನಮ್ಮ ಬಗ್ಗೆ ಮಾತಾಡೋಕೆ ಶುರು ಮಾಡ್ತಾರೆ. ಮಗಳಿಗೆ ನಾನೇ ಹೇಳ್ತೀನಿ, ನೀವು ಬಾಯಿ ಬಿಡಬೇಡಿ."

ಅನೌನ್ಸರ್ ಏನೋ ಹೇಳಿದರು. ಅತ್ತೆ ಅದೇ ಸಣ್ಣ ನಗೆ ನಕ್ಕರು. "ನಿಮ್ಮ ಮಾತೊಂದೇ ನನಗೆ ಸಿಗೋದಿಲ್ಲ. ಬೇರೆಯವರ ತುಟಿ ಕಾಣತ್ತೆ, ನಿಮ್ಮದು ಮೀಸೆಯೊಳಗೆ. ಎಷ್ಟು ಸಲ ಹೇಳೋಣ ಅಂದ್ಕೊಂಡೆ. ಗಂಡಸಿಗೆ ಮೀಸೆ ತೆಗೀರಿ ಅಂತ ಹೇಗೆ ಹೇಳೋದು?"

ಅನೌನ್ಸರ್ ಎರಡು ಬೆರಳಿನಿಂದ ಮೀಸೆಯನ್ನು ಪರದೆ ಸರಿಸಿದಂತೆ ಮೇಲಕ್ಕೆತ್ತಿ ಹಿಡಿದು, ಒಂದೊಂದೇ ಶಬ್ದ ಬಿಡಿಸಿ ಕೇಳಿದರು. "ಹಾಗಾದ್ರೆ ಟೀವಿಯಲ್ಲಿ, ಬಾಗಿಲ ಹತ್ತಿರ, ನಾನು ಹೇಳಿದ್ದು?"

"ಅಲ್ಲೇನು ಕಾಣತ್ತೆ? ಬರೀ ಕೂದಲು. ನನ್ನ ಅಳಿಯಂದಿರು ಇಂಥದ್ದೇ ಏನೋ ಹೇಳಿರ್ತಾರೆ ಅಂತ ಹೇಳಿಬಿಟ್ಟೆ."

ಆ ರಾತ್ರಿ ಅನೌನ್ಸರ್ ತಟ್ಟೆಯ ಅನ್ನವನ್ನು ಬರೀ ಕಲಸುತ್ತ ಕೂತರು. ತಾವು ಅತ್ತೆಯನ್ನು ಏನೆಂದುಕೊಂಡಿದ್ದರು, ಅವರು ತಮ್ಮನ್ನು ಏನೆಂದುಕೊಂಡಿದ್ದರು! ಊಟದ ಮೇಲೆ ಭಾವಮೈದುನನನ್ನು ಮತ್ತೆ ಮೂಲೆಗೆ ಕರೆದು, ಕ್ಯಾಮೆರಾ ಎಲ್ಲಿದೆ ಎಂದು ಸುತ್ತ ನೋಡಿ, "ಆ ಮಾತು ಮರೆತುಬಿಡಯ್ಯ" ಎಂದರು. ಅವನು ಬ್ರೇಕಿನ ಮೇಲಿಂದ ಕಾಲು ತೆಗೆದ.

ಮರುದಿನ ಬೆಳಗ್ಗೆ ಅನೌನ್ಸರ್ ಬಚ್ಚಲಿನಿಂದ ಹೊರಗೆ ಬಂದಾಗ ಮಗಳು ಯಾರೋ ಹೊಸಬರೆಂದು ಒಂದು ಹೆಜ್ಜೆ ಹಿಂದೆ ಸರಿದಳು. ಮೇಲ್ತುಟಿ ವರ್ಷಗಳ ನಂತರ ಬೆಳಕು ಕಂಡು ನಾಚಿಕೊಂಡಂತಿತ್ತು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವರು ಯಾರನ್ನೂ ಗಮನಿಸದೆ ನೇರವಾಗಿ ಹೋಗಿ ಅತ್ತೆಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ಅವರಿಗೆ ಸುಳ್ಳಿನ ಹೊಗಳಿಕೆ ಹೊತ್ತು ತಿರುಗುವುದು ಸಾಧ್ಯವಿರಲಿಲ್ಲ. ಪ್ರತಿ ಶಬ್ದಕ್ಕೂ ತುಟಿಯನ್ನು ಚೆನ್ನಾಗಿ ತೆರೆದು, ದನಿಯೇ ಇಲ್ಲದೆ, ಹೇಳಬೇಕಾದ್ದನ್ನು ಹೇಳಿದರು.

"ಅತ್ತೆ, ನಿನ್ನೆ ನಾನು ಹೇಳಿದ್ದು ನೀವು ಓದಿದ್ದಲ್ಲ. ನಿಮ್ಮನ್ನ ಕಳಿಸೋ ಮಾತಾಡಿದೆ. ನೀವು ನನ್ನನ್ನ ಕಡೆಗಣಿಸ್ತೀರಿ ಅಂದ್ಕೊಂಡಿದ್ದೆ. ಈಗ ನೀವು ಓದಿದ್ದನ್ನೇ ನಾನು ಬಾಯಿಬಿಟ್ಟು ಹೇಳ್ತಿದ್ದೀನಿ. ಇಲ್ಲೇ ಇರಿ."

ಅತ್ತೆ ಹೆಣಿಗೆ ಕೆಳಗಿಟ್ಟರು. ಅಳಿಯನ ಬೋಳು ತುಟಿಯನ್ನು ನಿಧಾನವಾಗಿ ನೋಡಿದರು, ಕಣ್ಣುಗಳನ್ನೂ ನೋಡಿದರು.

"ಇರ್ತೀನಿ," ಎಂದರು. "ಆದ್ರೆ ಇಷ್ಟಕ್ಕಾಗಿ ಮೀಸೆ ಯಾಕೆ ತೆಗೆದ್ರಿ? ನಿನ್ನೆ ಟೀವಿಯಲ್ಲಿ ಮೀಸೆ ಇದ್ದಾಗಲೇ ಎಲ್ಲ ಓದಿದ್ದೆ. ನಿಮ್ಮ ಕ್ಯಾಮೆರಾ ತುಂಬಾ ಒಳ್ಳೇದು, ಅಳಿಯಂದಿರೇ."